ತಪ್ಪು ನಿಮ್ಮ ಊಟದ್ದಲ್ಲ

ಓದುಗರ ಪತ್ರ: "ಮಗಳು ಹುಟ್ಟಿದ ಕೆಲವೇ ದಿನಕ್ಕೆ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿ, ಫಿನೈಲ್‌ಕೀಟೋನ್ಯೂರಿಯಾ ಎಂದರು. ನಮ್ಮೆರಡೂ ಮನೆಗಳಲ್ಲಿ ಯಾರಿಗೂ ಇದಿಲ್ಲ. ಬಸುರಿಯಾಗಿದ್ದಾಗ ನಾನು ಏನೋ ತಿಂದೆ, ಅದಕ್ಕೇ ಹೀಗಾಯಿತು ಅಂತಾರೆ. ಹುಟ್ಟಿನಿಂದಲೇ ಬಂದದ್ದಾದರೆ ಪಥ್ಯ ಮಾಡಿ ಏನು ಪ್ರಯೋಜನ? ಮುಂದೆ ಅವಳು ತಾಯಿಯಾಗಬಹುದಾ?"
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಸೋದರಿ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನೀವು ತಿಂದ ಯಾವುದರಿಂದಲೂ ಮಗುವಿಗೆ ಈ ಕಾಯಿಲೆ ಬಂದಿಲ್ಲ. ಮನೆಯವರೆಲ್ಲ ಕೂತಿರುವಾಗ ಇದನ್ನು ಜೋರಾಗಿ ಓದಿ ಹೇಳಿ.

ಆಗಿರುವುದು ಇಷ್ಟು. ನಾವು ತಿನ್ನುವ ಪ್ರೋಟೀನಿನಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳಲ್ಲೊಂದು, ಇರುತ್ತದೆ. ಮೈ ಬೆಳೆಯಲು ಬೇಕಾದಷ್ಟು ಬಳಕೆಯಾಗಿ ಉಳಿದದ್ದನ್ನು ಲಿವರ್‌ನಲ್ಲಿರುವ ಒಂದು ಕಿಣ್ವ ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಬದಲಿಸುತ್ತದೆ. ಆ ಕಿಣ್ವದ ಜೀನ್ 12ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ತೂಗಿಸಿಕೊಂಡು ಹೋಗುತ್ತದೆ. ನಿಮ್ಮಿಬ್ಬರಲ್ಲೂ ಹೀಗೆ ಒಂದೊಂದು ಕೆಟ್ಟ ಪ್ರತಿ ಇರುತ್ತದೆ. ಅದು ನಿಮಗೆ ಏನೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಗೊತ್ತೂ ಆಗಿರಲಿಲ್ಲ. ನಿಮ್ಮ ಹಿರಿಯರಲ್ಲೂ ತಲೆಮಾರುಗಟ್ಟಲೆ ಸದ್ದಿಲ್ಲದೆ ಬಂದಿರಬಹುದು. ಮಗಳಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಸಿಕ್ಕಿತು. ಇನ್ನೊಂದು ಮಗು ಬೇಕೆಂದರೆ ಆಗಲೂ ಇದರ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ವಿಷಯ ಡಾಕ್ಟರ ಹತ್ತಿರ ಮುಂಚೆಯೇ ಮಾತಾಡಿ.

ಕಿಣ್ವ ಕೆಲಸ ಮಾಡದಿದ್ದರೆ ಫಿನೈಲ್‌ಅಲನಿನ್ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಮಿದುಳಿಗೆ ಹೋಗುವ ಬಾಗಿಲಲ್ಲಿ ಅದೇ ನುಗ್ಗಾಡಿ, ಬೇರೆ ಅಮೈನೋ ಆಮ್ಲಗಳಿಗೆ ಜಾಗ ಕೊಡುವುದಿಲ್ಲ. ಬೆಳೆಯುವ ಮಿದುಳಿಗೆ ಪೆಟ್ಟು ಬೀಳುವುದು ಹೀಗೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇದನ್ನು ತುಂಬಾ ಜನ ಕೇಳುತ್ತಾರೆ. ಜೀನ್‌ನಲ್ಲಿ ಇದ್ದರೆ ಮುಗೀತು, ಹಣೆಬರಹ, ಅಂತ ಕೈಚೆಲ್ಲಿಬಿಡುತ್ತಾರೆ. ಅದು ತಪ್ಪು. ವಿಟಮಿನ್ ಸಿ ವಿಷಯವನ್ನೇ ನೋಡಿ. ನಾಯಿ, ಇಲಿ, ಹಸು ಇವೆಲ್ಲ ಅದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರ ಪೂರ್ವಜರಲ್ಲಿ ಆ ಕೆಲಸದ ಜೀನ್ ಕೆಟ್ಟು ಕೋಟ್ಯಂತರ ವರ್ಷಗಳೇ ಆದವು. ನಿಮಗೂ ಕೆಟ್ಟಿದೆ, ನನಗೂ ಕೆಟ್ಟಿದೆ. ಹಣ್ಣು ತರಕಾರಿ ತಿನ್ನುತ್ತಿರುವವರೆಗೆ ಯಾರಿಗೂ ಅದರ ಅರಿವೇ ಆಗುವುದಿಲ್ಲ. ತಿಂಗಳುಗಟ್ಟಲೆ ಅವು ಸಿಗದಿದ್ದಾಗ ನಾವಿಕರ ವಸಡು ಬಾತು ರಕ್ತ ಸೋರಿತು, ಹಳೇ ಗಾಯಗಳು ಮತ್ತೆ ಬಾಯಿಬಿಟ್ಟವು. ಸ್ಕರ್ವಿ ಎಂಬ ಆ ಕಾಯಿಲೆಗೆ ಕಾರಣ ಜೀನಾ, ಊಟವಾ? ಎರಡೂ ಸೇರಿಯೇ ಅಲ್ವಾ? ನಮ್ಮ ಕೈಗೆ ಸಿಕ್ಕಿದ್ದು ಊಟ. ಹಾಗಾಗಿ ಅಲ್ಲಿ ತಡೆದೆವು. ಅಲ್ಲಿ ಏನೋ ಕಡಿಮೆಯಾಗಿ ಕಾಯಿಲೆ, ನಿಮ್ಮ ಮಗುವಿಗೆ ಏನೋ ಜಾಸ್ತಿಯಾಗಿ. ಅಷ್ಟೇ ವ್ಯತ್ಯಾಸ.

ನಿಮ್ಮ ಮಗಳಿಗಿರುವ ಕಾಯಿಲೆಗೆ ಪಥ್ಯ ಕೆಲಸ ಮಾಡುತ್ತದೆ ಎಂದು ಮೊದಲು ತೋರಿಸಿಕೊಟ್ಟದ್ದು 1950ರ ದಶಕದ ಶುರುವಿನಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಹಾರ್ಸ್ಟ್ ಬಿಕೆಲ್ ಎಂಬ ವೈದ್ಯರ ಬಳಿ ಒಂದು ಪುಟ್ಟ ಹುಡುಗಿ ಇದ್ದಳು. ನಿಲ್ಲಲು ಬರುತ್ತಿರಲಿಲ್ಲ, ಸದಾ ಅಳು, ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳ ತಾಯಿ ಏನಾದರೂ ಮಾಡಿ ಎಂದು ಬೆನ್ನು ಬಿಡಲಿಲ್ಲ. ಕೊನೆಗೆ ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನಲ್ಲಿ ಸೋಸಿ ಫಿನೈಲ್‌ಅಲನಿನ್ ತೆಗೆದು ಆಹಾರ ತಯಾರಿಸಿದರು. ಕೆಲ ತಿಂಗಳಲ್ಲಿ ಮಗು ಅಂಬೆಗಾಲಿಟ್ಟಿತು, ನಿಂತಿತು, ಕುರ್ಚಿ ಹತ್ತಿತು. ಕೂದಲೂ ಕಪ್ಪಾಗುತ್ತಾ ಬಂತು, ಯಾಕೆಂದರೆ ಕೂದಲಿನ ಬಣ್ಣ ತಯಾರಾಗುವುದು ಟೈರೋಸಿನ್‌ನಿಂದ. ಆ ಸಾಲು ಓದುವಾಗಲೆಲ್ಲ ನನ್ನ ಕಣ್ಣು ತುಂಬಿಕೊಳ್ಳುತ್ತದೆ. ಆದರೆ ಅವಳ ಮಿದುಳಿಗೆ ಅಷ್ಟರಲ್ಲಾಗಲೇ ಏಟು ಬಿದ್ದಿತ್ತು. ಚಿಕಿತ್ಸೆ ತಡವಾಗಿತ್ತು.

ನಿಮ್ಮ ಮಗುವಿಗೆ ತಡವಾಗಿಲ್ಲ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ರೂಢಿಗೆ ತಂದ ಹಿಮ್ಮಡಿ ರಕ್ತದ ಪರೀಕ್ಷೆಯಿಂದಲೇ ಇದು ಸಾಧ್ಯವಾಯಿತು. ಪಥ್ಯ ಈಗಲೇ ಶುರುವಾದರೆ, ಬಿಡದೆ ನಡೆದರೆ, ಅವಳು ಎಲ್ಲ ಮಕ್ಕಳಂತೆ ಓದಿ ಬೆಳೆಯಬಲ್ಲಳು.

ಪಥ್ಯ ಎಂದರೆ ಪ್ರೋಟೀನ್ ಪೂರ್ತಿ ನಿಲ್ಲಿಸುವುದಲ್ಲ. ಫಿನೈಲ್‌ಅಲನಿನ್ ಒಂದಿಷ್ಟು ಬೇಕೇ ಬೇಕು, ಇಲ್ಲದಿದ್ದರೆ ಮಗು ಬೆಳೆಯುವುದಿಲ್ಲ. ಸಾಮಾನ್ಯವಾಗಿ ಎದೆಹಾಲನ್ನೂ ಅಳತೆ ನೋಡಿ ಕೊಡಬಹುದು, ಜೊತೆಗೆ ವಿಶೇಷ ಹಾಲಿನ ಪುಡಿ. ಎಷ್ಟೆಷ್ಟು ಎನ್ನುವುದು ರಕ್ತಪರೀಕ್ಷೆ ನೋಡಿಯೇ ತೀರ್ಮಾನವಾಗಬೇಕು, ಅಕ್ಕಪಕ್ಕದವರ ಮಾತು ಕೇಳಿ ಅಲ್ಲ. ಆಸ್ಪರ್ಟೇಮ್ ಎಂಬ ಕೃತಕ ಸಿಹಿಯಲ್ಲೂ ಫಿನೈಲ್‌ಅಲನಿನ್ ಇದೆ. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದುವ ಅಭ್ಯಾಸ ಮಾಡಿಕೊಳ್ಳಿ.

ತಾಯಿಯಾಗಬಹುದಾ ಎಂದು ಕೇಳಿದ್ದೀರಿ. ಖಂಡಿತ ಆಗಬಹುದು. ಆದರೆ ಬಸುರಾಗುವ ಮುಂಚಿನಿಂದಲೇ ಅವಳ ಪಥ್ಯ ಬಿಗಿಯಾಗಿರಬೇಕು. ಅವಳ ರಕ್ತದಲ್ಲಿ ಫಿನೈಲ್‌ಅಲನಿನ್ ಜಾಸ್ತಿಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೂ ಹೃದಯಕ್ಕೂ ತೊಂದರೆ, ಆ ಮಗುವಿಗೆ ಈ ಕಾಯಿಲೆ ಇಲ್ಲದಿದ್ದರೂ. ದೊಡ್ಡವಳಾದೆ, ಇನ್ನು ಪಥ್ಯ ಯಾಕೆ ಎಂದು ಅವಳು ಮುಂದೊಂದು ದಿನ ಕೇಳುತ್ತಾಳೆ. ಆಗ ಹೇಳಲು ಈ ಪುಟ ಕತ್ತರಿಸಿ ಇಟ್ಟುಕೊಳ್ಳಿ.