ಮೊದಲ ಸಲ ಆಯುರ್ವೇದ ಅಭ್ಯಂಗ (ಮೈಗೆ ಎಣ್ಣೆ ತಿಕ್ಕುವ ಮಾಲೀಶು) ಮಾಡಿಸಿಕೊಳ್ಳುವ ಮುನ್ನ ಏನೇನು ತಿಳಿದಿರಬೇಕು?

ಊಟವಾಗಿ 2 ಗಂಟೆಯಾದರೂ ಕಳೆದಿರಲಿ. ತೀರಾ ಹಸಿದೂ ಹೋಗಬೇಡಿ, ಅಭ್ಯಂಗವಾದ ಮೇಲೆ ಬೆವರಿಸಲು ಕೂರಿಸುವ ಹಬೆಪೆಟ್ಟಿಗೆಯಲ್ಲಿ ತಲೆ ಸುತ್ತೀತು. ಜ್ವರ, ಅಜೀರ್ಣ ಇದ್ದ ದಿನ ಅಭ್ಯಂಗ ಬೇಡವೆಂದು ಆಯುರ್ವೇದವೇ ಹೇಳುತ್ತದೆ. ಬಿಪಿ, ಬಸಿರು, ರಕ್ತ ತೆಳುವಾಗಿಸುವ ಮಾತ್ರೆ, ಎಳ್ಳಿನ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಬಹುತೇಕ ತೈಲಗಳಿಗೆ ಎಳ್ಳೆಣ್ಣೆಯೇ ಮೂಲ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಿಸಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಗಡ್ಡೆ ಕಳಚಿ ಶ್ವಾಸಕೋಶ ಸೇರಬಹುದು. ತಕ್ಷಣ ವೈದ್ಯರಿಗೆ ತೋರಿಸಿ.

ಒತ್ತು ಜಾಸ್ತಿಯಾದರೆ ಬಾಯಿಬಿಟ್ಟು ಹೇಳಿ. ಹಲ್ಲು ಕಚ್ಚಿ ಸಹಿಸಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಕೊಟ್ಟ ದುಡ್ಡು ದಂಡ. ಮುಗಿದ ಮೇಲೆ ಮಗ್ಗುಲಾಗಿ, ಒಂದು ನಿಮಿಷ ಕೂತು ಏಳಿ. ಎಣ್ಣೆ ಕಾಲು ಜಾರುತ್ತದೆ. ಸ್ನಾನಕ್ಕೆ ಬಿಸಿನೀರು, ಹೆಸರುಹಿಟ್ಟು ಸಾಕು. ಹಳೇ ಬಟ್ಟೆಯಲ್ಲೇ ಹೋಗಿ, ಎಣ್ಣೆಕಲೆ ಸುಲಭಕ್ಕೆ ಬಿಡುವುದಿಲ್ಲ.