ಎರಡು ವರ್ಷವೂ ಇರದವರ ಹೆಸರು ಆ ಮನೆಗೇಕೆ?

ನಮಸ್ಕಾರ ಮೇಡಂ. ಷಿಕಾಗೋದ ರಾಬಿ ಹೌಸ್ ಬಗ್ಗೆ ನಾವು ಹಾಕಿದ್ದ ಲೇಖನಕ್ಕೆ ನಿಮ್ಮ ತಕರಾರು ಇದು: ಕಟ್ಟಿಸಿದವರು ಆ ಮನೆಯಲ್ಲಿ ಎರಡು ವರ್ಷವೂ ಬಾಳಲಿಲ್ಲ, ಹಾಗಿರುವಾಗ ಅದನ್ನು ‘ಕುಟುಂಬದ ಮನೆ’ ಅಂತ ಜೋಪಾನ ಮಾಡುವುದರಲ್ಲಿ ಏನರ್ಥ? ಅಲ್ಲೇ ಇರುವ ನಿಮ್ಮ ಮಗ ಹೋದರೆ ಏನೇನು ನೋಡಬೇಕು ಅಂತಲೂ ಕೇಳಿದ್ದೀರಿ.

ತಕರಾರು ನ್ಯಾಯವಾದದ್ದೇ. ಫ್ರೆಡರಿಕ್ ರಾಬಿ ಮನೆ ಕಟ್ಟಿಸಲು ಹೊರಟಾಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. ತಂದೆಯದು ಸೈಕಲ್ ವ್ಯಾಪಾರ. ಜಾಗ, ಕಟ್ಟಡ, ಪೀಠೋಪಕರಣ ಎಲ್ಲ ಸೇರಿ ಸುಮಾರು 59 ಸಾವಿರ ಡಾಲರ್ ಖರ್ಚಾಯಿತು, ಆ ಕಾಲಕ್ಕೆ ದೊಡ್ಡ ದುಡ್ಡು. 1910ರಲ್ಲಿ ಹೆಂಡತಿ ಮಕ್ಕಳ ಜೊತೆ ಬಂದು ಸೇರಿದರು. ಅಷ್ಟರಲ್ಲಿ ತಂದೆ ತೀರಿಹೋಗಿದ್ದರು, ಅವರ ಸಾಲ ಮಗನ ತಲೆಗೆ ಬಂದಿತ್ತು, ದಾಂಪತ್ಯವೂ ಮುರಿಯಿತು. 1911ರ ಕೊನೆಗೆ ಮನೆ ಮಾರಾಟವಾಯಿತು. ಕೊಂಡ ಟೇಲರ್ ಎಂಬವರು ಒಂದು ವರ್ಷದೊಳಗೇ ತೀರಿಕೊಂಡರು. ಆಮೇಲೆ ಬಂದ ವಿಲ್ಬರ್ ಕುಟುಂಬ 1912ರಿಂದ 1926ರವರೆಗೆ ಅಲ್ಲೇ ಸಂಸಾರ ಮಾಡಿತು. ಅಂದರೆ ಆ ಮನೆಯಲ್ಲಿ ನಿಜಕ್ಕೂ ಬಾಳಿದವರು ವಿಲ್ಬರ್‌ಗಳು, ಹೆಸರು ಮಾತ್ರ ರಾಬಿಯವರದು!

ಆದರೂ ರಾಬಿ ಹೆಸರು ಸುಮ್ನೆ ಉಳಿದಿಲ್ಲ. ಆ ನಕ್ಷೆ ಹುಟ್ಟಿದ್ದೇ ಅವರ ಬೇಡಿಕೆಗಳಿಂದ. ಅವರಿಗೆ ಡಬ್ಬಿ ಜೋಡಿಸಿಟ್ಟ ಹಾಗಿರುವ ಕೋಣೆಗಳು ಬೇಡವಾಗಿತ್ತು. ಬೆಳಕು ಬೇಕು, ಬೀದಿ ಕಾಣಬೇಕು, ಆದರೆ ಬೀದಿಯವರಿಗೆ ಒಳಗಿನದು ಕಾಣಬಾರದು. ಮಕ್ಕಳು ರಸ್ತೆಗೆ ಓಡಿಹೋಗದ ಹಾಗೆ ಗೋಡೆ ಕಟ್ಟಿದ ಅಂಗಳ ಬೇಕು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಇದನ್ನೆಲ್ಲ ಅಕ್ಷರಶಃ ತೆಗೆದುಕೊಂಡರು. ನೆಲಮಟ್ಟದಲ್ಲಿ ಮಕ್ಕಳ ಆಟದ ಕೋಣೆ, ಪಕ್ಕದಲ್ಲೇ ದೊಡ್ಡವರ ಬಿಲಿಯರ್ಡ್ಸ್ ಕೋಣೆ, ಮೂರು ಕಾರು ನಿಲ್ಲುವ ಗ್ಯಾರೇಜು. ಹಜಾರ ಮತ್ತು ಊಟದ ಜಾಗ ಮೇಲಿನ ಅಂತಸ್ತಿನಲ್ಲಿ, ಎರಡರ ನಡುವೆ ಗೋಡೆ ಇಲ್ಲ, ಬೆಂಕಿಗೂಡು ಮಾತ್ರ. ಸೂರು ಎಷ್ಟು ಮುಂದಕ್ಕೆ ಚಾಚಿದೆ ಅಂದರೆ ಅದು ಹೇಗೆ ನಿಂತಿದೆ ಅನ್ನಿಸುತ್ತದೆ. ಒಳಗಡೆ ಉಕ್ಕಿನ ತೊಲೆಗಳಿವೆ.

ಇನ್ನು ಈ ಮನೆ ನೆಲಸಮವಾಗದೆ ಉಳಿದುಕೊಂಡ ಕಥೆ. ಅದರಲ್ಲಿ ಕುಟುಂಬದ ಮೇಲಿನ ಪ್ರೀತಿಗೆ ಜಾಗವೇ ಇಲ್ಲ, ನೋಡಿ. 1926ರಲ್ಲಿ ಕೊಂಡದ್ದು ಪಾದ್ರಿಗಳಿಗೆ ತರಬೇತಿ ಕೊಡುವ ಒಂದು ಕಾಲೇಜು, ಷಿಕಾಗೋ ಥಿಯಲಾಜಿಕಲ್ ಸೆಮಿನರಿ. ಅವರಿಗೆ ಬೇಕಿದ್ದದ್ದು ಜಾಗ. ಮನೆ ಕೆಡವುವವರೆಗೆ ಇರಲಿ ಅಂತ ಅದನ್ನು ಹಾಸ್ಟೆಲ್ ಮಾಡಿಕೊಂಡರು. 1941ರಲ್ಲಿ ಕೆಡವುತ್ತೇವೆ ಅಂದರು, ವಿರೋಧ ಬಂತು, ಯುದ್ಧವೂ ಬಂತು, ಮಾತು ನಿಂತಿತು. 1957ರಲ್ಲಿ ಮತ್ತೆ ಅದೇ. 90ರ ಹತ್ತಿರದ ರೈಟ್ ಸ್ವತಃ ಬಂದು ಮನೆ ಮುಂದೆ ನಿಂತು ಜಗಳ ತೆಗೆದರು. ಕೊನೆಗೆ 1958ರಲ್ಲಿ ಕೊಂಡು ಉಳಿಸಿದವರು ಯಾರು ಗೊತ್ತಾ? ವಿಲಿಯಂ ಝೆಕೆನ್‌ಡಾರ್ಫ್ ಎಂಬ ರಿಯಲ್ ಎಸ್ಟೇಟ್ ಕುಳ. ಈ ಮನೆ ಇರುವ ಹೈಡ್ ಪಾರ್ಕ್ ಬಡಾವಣೆಯಲ್ಲೇ ಹಳೆಯದನ್ನು ತೆಗೆದು ಹೊಸದು ಕಟ್ಟುವ ಗುತ್ತಿಗೆ ಅವರ ಕಂಪನಿಯದೇ ಆಗಿತ್ತು, ಅದಕ್ಕೊಂದು ಆಫೀಸು ಬೇಕಿತ್ತು! 1963ರಲ್ಲಿ ಮನೆಯನ್ನು ಷಿಕಾಗೋ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ಅಲ್ಲೂ ಆಫೀಸೇ ಆಯಿತು. 1997ರಿಂದ ರೈಟ್ ಹೆಸರಿನ ಟ್ರಸ್ಟ್ ನೋಡಿಕೊಳ್ಳುತ್ತಿದೆ. 2019ರಲ್ಲಿ ರೈಟ್ ಅವರ ಎಂಟು ಕಟ್ಟಡಗಳನ್ನು ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು. ಹಾಸ್ಟೆಲ್ಲೋ ಆಫೀಸೋ, ಯಾವಾಗಲೂ ಯಾರಿಗಾದರೂ ಉಪಯೋಗಕ್ಕೆ ಬರುತ್ತಿತ್ತು. ನನ್ನ ಪ್ರಕಾರ ರೈಟ್ ಜಗಳದಷ್ಟೇ ಅದೂ ಈ ಮನೆಯನ್ನು ಕಾಪಾಡಿದೆ. ಬೀಗ ಹಾಕಿಟ್ಟಿದ್ದರೆ 1957ರವರೆಗೂ ಬರುತ್ತಿರಲಿಲ್ಲ ಅನ್ನಿಸುತ್ತದೆ.

ನನ್ನ ತಕರಾರು ನಿಮ್ಮದಕ್ಕಿಂತ ಬೇರೆ. ದುರಸ್ತಿ ಮಾಡಿದವರು ಮನೆಯನ್ನು 1910ರ ರೂಪಕ್ಕೆ ತರಬೇಕು ಅಂತ ತೀರ್ಮಾನಿಸಿದರು. ರೈಟ್ ಕಲ್ಪನೆ ನೋಡಬೇಕು ಅನ್ನುವವರಿಗೆ ಅದು ಸರಿ, ಒಪ್ಪುತ್ತೇನೆ. ಆದರೆ 14 ವರ್ಷ ಅಡುಗೆ ಮಾಡಿ, ಮಲಗಿ ಎದ್ದು, ಮಕ್ಕಳನ್ನು ಬೆಳೆಸಿದ ವಿಲ್ಬರ್‌ಗಳು ಆ ತೀರ್ಮಾನದಲ್ಲಿ ಕಾಣದೇ ಹೋಗುತ್ತಾರೆ, ಅಲ್ವಾ? ಹಾಸ್ಟೆಲ್ ಹುಡುಗರೂ ಅಷ್ಟೇ. ಒಂದು ಕೋಣೆಯನ್ನಾದರೂ ಅವರ ಕಾಲದ ಹಾಗೆ ಇಡಬಹುದಿತ್ತು.

ಮಗನಿಗೆ ಹೇಳಿ, ಮೊದಲು ಹೊರಗಿನ ಇಟ್ಟಿಗೆ ಕೆಲಸವನ್ನು ಹತ್ತಿರದಿಂದ ನೋಡಲಿ. ಉದ್ದನೆಯ, ತೆಳು ಇಟ್ಟಿಗೆಗಳು. ಅಡ್ಡ ಸಂದುಗಳಲ್ಲಿ ಗಾರೆ ತಿಳಿ ಬಣ್ಣದ್ದು, ಒಳಕ್ಕೆ ಕೆರೆದಿದ್ದಾರೆ. ನಿಂತ ಸಂದುಗಳಲ್ಲಿ ಇಟ್ಟಿಗೆ ಬಣ್ಣದ್ದೇ ತುಂಬಿದ್ದಾರೆ. ಹಾಗಾಗಿ ದೂರದಿಂದ ಅಡ್ಡ ಗೆರೆಗಳಷ್ಟೇ ಕಾಣುತ್ತವೆ, ಮನೆ ಇನ್ನೂ ಉದ್ದ ಅನ್ನಿಸುತ್ತದೆ. ಮುಂಬಾಗಿಲು ಬೀದಿಯಿಂದ ಕಾಣುವುದಿಲ್ಲ, ಹುಡುಕಬೇಕು. ಒಳಗೆ 170ಕ್ಕೂ ಹೆಚ್ಚು ಚಿತ್ತಾರದ ಗಾಜುಗಳಿವೆ, ಅದಕ್ಕೇ ಬಿಸಿಲಿರುವ ದಿನ ಹೋದರೆ ಒಳ್ಳೆಯದು. ರೈಟ್ ಮಾಡಿಸಿದ ಊಟದ ಮೇಜು, ಎತ್ತರ ಬೆನ್ನಿನ ಕುರ್ಚಿಗಳು ವಿಶ್ವವಿದ್ಯಾಲಯದ ಸ್ಮಾರ್ಟ್ ಮ್ಯೂಸಿಯಂ ಸಂಗ್ರಹಕ್ಕೆ ಸೇರಿವೆ. ಅದೂ ಹತ್ತಿರವೇ, ಆದರೆ ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ಮೊದಲೇ ಕೇಳಿಕೊಂಡು ಹೋಗಲಿ.

– ಸಂಪಾದಕ