ಲಿನಕ್ಸ್‌ನಲ್ಲಿ ಮೆಮೊರಿ ತೊಂದರೆ ಹುಡುಕೋಕೆ ಮೊದಲು ಜಿಡಿಬಿ ಕಲಿಯಬೇಕಾ, ವಾಲ್‌ಗ್ರೈಂಡಾ?

ಓಡುವ ಪ್ರೋಗ್ರಾಮನ್ನು ತಡೆದು ಒಳಗೆ ನೋಡುವ ಜಿಡಿಬಿ ಮೊದಲಾ, ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರೈಂಡ್ ಮೊದಲಾ ಅಂತ ಕೇಳಿದ್ದೀರಿ. ಜೊತೆಗೆ "ಪ್ರೋಗ್ರಾಮ್ ಕೆಲವು ಗಂಟೆ ಓಡಿ ಸಾಯುತ್ತದೆ, ಮಧ್ಯೆ ಒಂದು ಪ್ರಿಂಟ್ ಹಾಕಿದರೆ ಸಾಯುವುದಿಲ್ಲ" ಅಂತ ಬರೆದಿದ್ದೀರಿ. ಆ ಸಾಲು ಓದಿದ ಕೂಡಲೇ ಎದೆ ಧಸಕ್ಕೆಂದಿತು. ಪ್ರಿಂಟ್ ಅನ್ನು ಹಾಗೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗಿಲ್ಲ ತಾನೇ? ನಾನು ಹೋಗಿದ್ದೆ.

ನನ್ನದು ಸಿ ಪ್ರೋಗ್ರಾಮ್, ಲಿನಕ್ಸ್ ಸರ್ವರ್ ಮೇಲೆ ಹಗಲೂ ರಾತ್ರಿ ಓಡುತ್ತಿತ್ತು. ಹೊರಗಿಂದ ಬರುವ ಘಟನೆಗಳನ್ನು ಬಗೆಬಗೆಯಾಗಿ ಎಣಿಸುವುದು ಅದರ ಕೆಲಸ. ಒಂದು ಬಗೆಗೆ ಒಂದು ರೆಕಾರ್ಡ್, ರೆಕಾರ್ಡ್‌ಗೆ 64 ಬೈಟ್. ಶುರುವಿಗೆ 64 ರೆಕಾರ್ಡ್‌ಗೆ ಜಾಗ, ಅಂದರೆ 4096 ಬೈಟ್. ತುಂಬಿದರೆ, ಪಡೆದ ಜಾಗದ ಅಳತೆ ಬದಲಿಸುವ ರಿಅಲಾಕ್ ಕರೆದು ದುಪ್ಪಟ್ಟು ಮಾಡುತ್ತಿದ್ದೆ. ಇದರ ಮೇಲೆ ಒಂದು ಜಾಣತನ ಬೇರೆ: ಅತಿ ಹೆಚ್ಚು ಬರುವ ಬಗೆ ಯಾವುದು, ಅದರ ರೆಕಾರ್ಡ್‌ನ ಪಾಯಿಂಟರ್ (ಮೆಮೊರಿಯಲ್ಲಿ ಅದರ ವಿಳಾಸ) ಏನು, ಎರಡನ್ನೂ ಎತ್ತಿಟ್ಟುಕೊಂಡಿದ್ದೆ. ಅದೇ ಬಗೆ ಮತ್ತೆ ಬಂದರೆ ಹುಡುಕುವುದೇ ಬೇಡ, ನೇರವಾಗಿ ಎಣಿಕೆ ಏರಿಸಿದರಾಯ್ತು.

ಎರಡು ಮೂರು ದಿನಕ್ಕೊಮ್ಮೆ ಸಾಯತೊಡಗಿತು. ಎಲ್ಲಿ ಸತ್ತಿತು ಅಂತ ಹೇಳುವ ಬ್ಯಾಕ್‌ಟ್ರೇಸ್ ತೋರಿಸಿದ್ದು, ಮೆಮೊರಿ ಹಂಚುವ ಮ್ಯಾಲಾಕ್ ಒಳಗಿನ ಯಾವುದೋ ಸಾಲು. ಸರಿ, ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲೇ ಬಗ್ ಇರಬೇಕು ಅಂದುಕೊಂಡೆ. ನಗಬೇಡಿ. ಸೋರ್ಸ್ ಕೋಡ್ ಹೇಗೂ ಕೈಗೆ ಸಿಗುತ್ತಲ್ಲ ಅಂತ ಎರಡು ದಿನ ಮ್ಯಾಲಾಕ್‌ನ ಕೋಡ್ ಓದುತ್ತಾ ಕೂತೆ. ಓದಿದ್ದು ಆಮೇಲೆ ಉಪಯೋಗಕ್ಕೆ ಬಂತು, ಆ ಮಾತು ಬೇರೆ.

ಆಮೇಲೆ ರಿಅಲಾಕ್ ಕೆಳಗೆ ಒಂದು ಪ್ರಿಂಟ್ ಹಾಕಿದೆ, ಅದಾದ ಮೇಲೆ ಬರುವ ಪ್ರತಿ ಘಟನೆಗೂ ಇನ್ನೊಂದು. ಔಟ್‌ಪುಟ್ ಫೈಲಿಗೆ ಹೋಗುತ್ತಿತ್ತು. ಒಂದು ವಾರ ಆಯಿತು, ಸಾಯಲಿಲ್ಲ. "ಸರಿಹೋಯ್ತು" ಅಂತ ಟಿಕೆಟ್ ಮುಚ್ಚಿಬಿಟ್ಟೆ.

ಇದೇ ತಪ್ಪು. ಏನಾಗಿತ್ತು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲೂ ಇಂಥದ್ದೇ ನಡೆಯುತ್ತಿರಬಹುದು. 65ನೇ ಬಗೆ ಬಂದಾಗ ರಿಅಲಾಕ್ ಇಡೀ ಅರೇಯನ್ನು (ರೆಕಾರ್ಡ್‌ಗಳ ಸಾಲನ್ನು) ಬೇರೆ ಕಡೆಗೆ ಸಾಗಿಸಿ, ಹಳೆಯ 4096 ಬೈಟ್ ತುಂಡನ್ನು ಬಿಟ್ಟುಕೊಡುತ್ತಿತ್ತು. ನಾನು ಎತ್ತಿಟ್ಟುಕೊಂಡಿದ್ದ ಪಾಯಿಂಟರ್ ಮಾತ್ರ ಹಳೇ ಮನೆಯ ವಿಳಾಸ ಹಿಡಿದುಕೊಂಡೇ ಕೂತಿತ್ತು. ಪ್ರಿಂಟ್ ಇಲ್ಲದಾಗ ಆ ಜಾಗಕ್ಕೆ ಬೇರೆ ಯಾರೋ ಬರುತ್ತಿದ್ದರು. ನನ್ನ "ಒಂದು ಏರಿಸು" ಹೋಗಿ ಅವರ ಪಾಯಿಂಟರನ್ನೋ ಮ್ಯಾಲಾಕ್‌ನ ಸ್ವಂತ ಲೆಕ್ಕವನ್ನೋ ಕೆಡಿಸುತ್ತಿತ್ತು. ಪ್ರಿಂಟ್ ಹಾಕಿದಾಗ? ಸಿಯಲ್ಲಿ ಪ್ರಿಂಟ್ ಮಾಡುವ ಪ್ರಿಂಟ್‌ಎಫ್ ಮೊದಲ ಸಲ ಓಡುವಾಗ, ಬರೆಯಬೇಕಾದ ಅಕ್ಷರ ಕೂಡಿಡುವ ತನ್ನ ಬಫರ್‌ಗೆ ತಾನೂ ಮ್ಯಾಲಾಕ್ ಕರೆಯುತ್ತದೆ. ಔಟ್‌ಪುಟ್ ಫೈಲಿಗೆ ಹೋಗುತ್ತಿದ್ದರೆ ಆ ಬಫರ್ ಸಾಮಾನ್ಯವಾಗಿ 4096 ಬೈಟ್. ಆಗಷ್ಟೇ ಖಾಲಿಯಾದ ತುಂಡು ಸರಿಯಾಗಿ ಅದೇ ಅಳತೆಯದು! ಮ್ಯಾಲಾಕ್ ಅದನ್ನೇ ಎತ್ತಿಕೊಟ್ಟಿತು. ಅಲ್ಲಿಂದ ಮುಂದೆ ನನ್ನ ಏರಿಕೆಗಳೆಲ್ಲ ಹೋಗಿ ಬಿದ್ದದ್ದು ಲಾಗ್ ಬಫರ್ ಒಳಗೆ. ಅಕ್ಷರ ಕೆಟ್ಟರೆ ಪ್ರೋಗ್ರಾಮ್ ಯಾಕೆ ಸಾಯುತ್ತೆ ಹೇಳಿ.

ಸುಳಿವು ಕಣ್ಣೆದುರೇ ಇತ್ತು. ಲಾಗ್‌ನಲ್ಲಿ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಪದದಲ್ಲಿ "ಓ" ಅಕ್ಷರ ಇರಬೇಕಾದ ಕಡೆ "ಪಿ" ಇತ್ತು. ಒಂದು ಸಂಖ್ಯೆಯಲ್ಲಿ 4 ಹೋಗಿ 5 ಆಗಿತ್ತು. ಬೈಟ್‌ಗೆ ಒಂದು ಕೂಡಿಸಿದರೆ ಮುಂದಿನ ಅಕ್ಷರ ತಾನೇ ಬರೋದು? ನಾನು ನೋಡಿದ್ದೆ. ಟೈಪಿಂಗ್ ತಪ್ಪಿರಬೇಕು ಅಂತ ಸುಮ್ನೆ ಬಿಟ್ಟಿದ್ದೆ. ಪ್ರೋಗ್ರಾಮ್ ಬರೆಯುವ ಲಾಗ್‌ನಲ್ಲಿ ಟೈಪಿಂಗ್ ತಪ್ಪು ಯಾರು ಮಾಡುತ್ತಾರೆ!

ಮೂರು ವಾರ ಕಳೆದ ಮೇಲೆ ಒಬ್ಬರು ಕೈಯಲ್ಲಿ ಕೂಡಿ ನೋಡಿ, ಎಣಿಕೆ ಕಡಿಮೆ ಬರ್ತಿದೆ ಅಂದರು. ಬರದೇ ಏನು, ಆ ಬಗೆಯ ಎಣಿಕೆಯೆಲ್ಲ ಲಾಗ್ ಬಫರ್‌ಗೆ ಹೋಗುತ್ತಿತ್ತು. ಮೂಲ ಡೇಟಾ ಇಟ್ಟಿರಲಿಲ್ಲ. ಆ ಮೂರು ವಾರದ ಲೆಕ್ಕ ಹೋದದ್ದು ಹೋಯಿತು. ಪ್ರೋಗ್ರಾಮ್ ಸಾಯುತ್ತಿದ್ದಾಗಲೇ ವಾಸಿಯಿತ್ತು.

ಕೊನೆಗೆ, ತಪ್ಪು ಮೆಮೊರಿ ಮುಟ್ಟಿದರೆ ಹಿಡಿದುಕೊಡುವ ಕಂಪೈಲರ್ ಸೌಲಭ್ಯವಾದ ಅಡ್ರೆಸ್ ಸ್ಯಾನಿಟೈಜರ್ ಆನ್ ಮಾಡಿ ಕಂಪೈಲ್ ಮಾಡಿದೆ. 65 ಬಗೆ ಕಳಿಸುವ ಒಂದು ಚಿಕ್ಕ ಟೆಸ್ಟ್, ಅಷ್ಟೇ. ಮೊದಲ ಓಟಕ್ಕೇ ಮೂರು ಸ್ಟಾಕ್ (ಯಾವ ಕೋಡ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ಮುಂದಿಟ್ಟಿತು: ಬರೆದದ್ದು ಎಲ್ಲಿ, ಆ ಜಾಗ ಬಿಟ್ಟದ್ದು ಎಲ್ಲಿ, ಮೊದಲು ಪಡೆದದ್ದು ಎಲ್ಲಿ. ನಡುವಿನದರಲ್ಲಿ ರಿಅಲಾಕ್ ಕೂತಿತ್ತು. ಪಾಯಿಂಟರ್ ಬದಲು ಇಂಡೆಕ್ಸ್, ಅಂದರೆ ಅರೇಯಲ್ಲಿ ಎಷ್ಟನೆಯದು ಅನ್ನುವ ಸಂಖ್ಯೆ ಇಟ್ಟುಕೊಂಡೆ, ಮುಗಿಯಿತು. ನಾಲ್ಕು ಸಾಲಿನ ಬದಲಾವಣೆ.

ಈಗ ನಿಮ್ಮ ಪ್ರಶ್ನೆಗೆ. ಜಿಡಿಬಿನಾ ವಾಲ್‌ಗ್ರೈಂಡಾ ಅನ್ನೋದನ್ನು ಸದ್ಯಕ್ಕೆ ಬಿಡಿ. ಮೊದಲು ಸತ್ತದ್ದು ಹೇಗೆ ಅಂತ ತಿಳಿಯಿರಿ. ಶೆಲ್ ಕೊಡುವ ಎಕ್ಸಿಟ್ ನಂಬರ್ ನೋಡಿ. 139 ಬಂದರೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದೆ), 134 ಬಂದರೆ ಅಬಾರ್ಟ್, ಅಂದರೆ ಎಷ್ಟೋ ಸಲ ಗ್ಲಿಬ್‌ಸಿಯೇ ಲೆಕ್ಕ ಕೆಟ್ಟಿದೆ ಅಂತ ನಿಲ್ಲಿಸಿರುತ್ತದೆ. 137 ಬಂದರೆ ಹೊರಗಿಂದ ಯಾರೋ ಕೊಂದಿದ್ದಾರೆ. ಆಗ ಕರ್ನಲ್‌ನ (ಲಿನಕ್ಸ್‌ನ ತಿರುಳು) ಸಂದೇಶ ತೋರಿಸುವ ಡಿಮೆಸೇಜ್ ಕಮಾಂಡ್‌ನಲ್ಲಿ ಔಟ್ ಆಫ್ ಮೆಮೊರಿ ಸಾಲು ಇದೆಯಾ ನೋಡಿ. ಇದ್ದರೆ ಅದು ಬಹುಶಃ ಲೀಕ್‌ನ (ಪಡೆದ ಮೆಮೊರಿ ಬಿಟ್ಟುಕೊಡದಿರುವ) ಕಥೆ, ನನ್ನ ಕಥೆಯಲ್ಲ. ಪ್ರೋಸೆಸ್‌ನ ಆರ್‌ಎಸ್‌ಎಸ್ ಅನ್ನು (ಅದು ನಿಜಕ್ಕೂ ಹಿಡಿದಿರುವ ಮೆಮೊರಿ) ಗಂಟೆಗೊಮ್ಮೆ ಬರೆದಿಡುತ್ತಾ ಹೋಗಿ.

ಫ್ರೀ ಕಮಾಂಡ್‌ನಲ್ಲಿ ಮೆಮೊರಿ ಖಾಲಿಯಾಗಿದೆ ಅಂತ ಗಾಬರಿಯಾಗಿದ್ದೀರಿ. ನೀವು ನೋಡಿದ್ದು ಫ್ರೀ ಕಾಲಮ್, ನೋಡಬೇಕಾದ್ದು ಅವೈಲಬಲ್. ಮಿಕ್ಕ ಮೆಮೊರಿಯನ್ನು ಕರ್ನಲ್ ಫೈಲ್ ಕ್ಯಾಶ್‌ಗೆ ಬಳಸುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ.

ಕರ್ನಲ್ ಪುಸ್ತಕ ಓದಿ ಮುಗಿಸಿ ಆಮೇಲೆ ಶುರು ಮಾಡ್ತೀನಿ ಅನ್ನೋದು ನನಗೆ ಒಪ್ಪಿಗೆಯಿಲ್ಲ. ಕೈಯಲ್ಲಿ ಒಂದು ಬಗ್ ಇದೆ, ಅದಕ್ಕಿಂತ ಒಳ್ಳೆ ಪಾಠ ಸಿಗಲ್ಲ. ಸ್ಯಾನಿಟೈಜರ್‌ನಿಂದ ಶುರು ಮಾಡಿ, ಪ್ರೋಗ್ರಾಮ್ ಸುಮಾರು ಎರಡು ಪಟ್ಟು ನಿಧಾನ ಆಗುತ್ತೆ ಅಷ್ಟೇ. ವಾಲ್‌ಗ್ರೈಂಡ್‌ನಲ್ಲಿ 20-30 ಪಟ್ಟು ನಿಧಾನ. ಮತ್ತೆ ಕಂಪೈಲ್ ಮಾಡೋಕೆ ಆಗದ ಕಡೆ ಮಾತ್ರ ನಾನು ಅದನ್ನು ಬಳಸುತ್ತೇನೆ. ಜಿಡಿಬಿ ತಾನಾಗಿಯೇ ಬರುತ್ತದೆ.

ಲಿನಕ್ಸ್‌ನ ಯಾವ ಬಗೆ (ಡಿಸ್ಟ್ರೋ) ಅನ್ನೋದು ಮುಖ್ಯವಲ್ಲ. ಆದರೆ ಅದೇ ಕೋಡನ್ನು ಒಮ್ಮೆ ಓಪನ್‌ಬಿಎಸ್‌ಡಿ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಮೇಲೂ ಓಡಿಸಿ ನೋಡಿ. ಅದರ ಮ್ಯಾಲಾಕ್, ಬಿಟ್ಟುಕೊಟ್ಟ ಸಣ್ಣ ತುಂಡುಗಳ ಮೇಲೆಲ್ಲ ಹೆಕ್ಸ್‌ನಲ್ಲಿ "ಡಿಎಫ್" ಅನ್ನುವ ಬೈಟ್ ಬಳಿದುಬಿಡುತ್ತದೆ. ಪಾಯಿಂಟರ್ ತುಂಬ ಡಿಎಫ್ ಡಿಎಫ್ ಕಂಡರೆ, ಸತ್ತ ಜಾಗವನ್ನು ಓದುತ್ತಿದ್ದೀರಿ ಅಂತ ಅರ್ಥ.

ಆ ಪ್ರಿಂಟ್ ತೆಗೆದು ಒಮ್ಮೆ ಸಾಯಲು ಬಿಡಿ. ಎಕ್ಸಿಟ್ ನಂಬರ್ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಮುಂದೇನು ಅಂತ ನೋಡೋಣ. ಹಾಂ, ಅದಕ್ಕೂ ಮೊದಲು ಪ್ರಿಂಟ್ ಇದ್ದಾಗಿನ ಲಾಗ್ ಫೈಲನ್ನು ಒಮ್ಮೆ ಕಣ್ಣಾಡಿಸಿ, ಕಾಗುಣಿತ ಸರಿಯಿದೆಯಾ ಅಂತ.